‘ಇಲ್ಲ’ ಎನ್ನಲು ಬಾರದ ಪ್ರೋಗ್ರಾಂ

ಚೆನ್ನೈನ ಕೀಲ್ಪಾಕ್ ಮೆಡಿಕಲ್ ಕಾಲೇಜಿನ ಹಿಂದಿನ ಬೀದಿಯಲ್ಲಿ ರಘುರಾಮರ ಸಸ್ಯಾಹಾರಿ ಹೋಟೆಲಿದೆ. ಸಂಜೆಯ ಹೊತ್ತು ಅದರ ಗಲ್ಲಾದಲ್ಲಿ ಕೂರುವುದು ಅವರ ಮಗಳು ಅಶ್ವಿತಾ. ಅವಳ ಬಲಗೈ ಗಿರಾಕಿಗಳಿಗೆ ಚಿಲ್ಲರೆ ಕೊಡುತ್ತದೆ, ಎಡಗೈ ಫೋನ್ ಹಿಡಿದಿರುತ್ತದೆ. ಒಂದು ಕಿವಿಗೆ ಸಪ್ಲೈಯರ್ ಸುರೇಶನ ಕೂಗು, ಇನ್ನೊಂದಕ್ಕೆ ಪೈಥಾನ್ ಭಾಷೆಯ ವಿಡಿಯೊ ಪಾಠ. ಸಮಯ ಉಳಿಸಲೆಂದು ಪಾಠವನ್ನು ಎರಡು ಪಟ್ಟು ವೇಗದಲ್ಲಿ ಓಡಿಸುತ್ತಾಳೆ. ಹೀಗಾಗಿ ಮೇಷ್ಟ್ರು ಬಸ್ ಹಿಡಿಯುವ ಆತುರದಲ್ಲಿರುವವರಂತೆ ಮಾತಾಡುತ್ತಾರೆ. ಒಮ್ಮೆ ಗಿರಾಕಿಯೊಬ್ಬರು ಬಿಲ್ ಎಷ್ಟೆಂದು ಕೇಳಿದಾಗ ಅವಳು ಪಾಠದಲ್ಲಿ ಆಗಷ್ಟೇ ಕಿವಿಗೆ ಬಿದ್ದ ‘ಸ್ಟ್ರಿಂಗ್’ ಎಂಬ ಪದವನ್ನೇ ಹೇಳಿದಳು. ಅವರು ಸಾಂಬಾರ್ ಇಡ್ಲಿ ತಿಂದಿದ್ದರು.

ಅಶ್ವಿತಾ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಮೂರನೇ ವರ್ಷದ ವಿದ್ಯಾರ್ಥಿನಿ. ಬೆಳಿಗ್ಗೆ ಲೋಕಲ್ ರೈಲು, ಮಧ್ಯಾಹ್ನದವರೆಗೆ ತರಗತಿ, ಆಮೇಲೆ ಲ್ಯಾಬ್, ಸಂಜೆ ಗಲ್ಲಾ. ಪ್ರೋಗ್ರಾಂ ಬರೆಯುವುದು ಅವಳಿಗೆ ಹೊಸದೇನಲ್ಲ. ಮೊದಲ ವರ್ಷದಲ್ಲಿ ‘ಸಿ’ ಭಾಷೆಯನ್ನು ಕಲಿತು, ಪರೀಕ್ಷೆ ಬರೆದು, ಕಲಿತದ್ದನ್ನು ಪರೀಕ್ಷಾ ಕೊಠಡಿಯಲ್ಲೇ ಬಿಟ್ಟು ಬಂದಿದ್ದಳು.

ಈ ವರ್ಷ ಹಾಗೆ ಬಿಟ್ಟು ಬರುವಂತಿರಲಿಲ್ಲ. ಅಂಬತ್ತೂರಿನ ಒಂದು ಸಣ್ಣ ಕಂಪನಿ ಬೇಸಿಗೆಯಲ್ಲಿ ವಿದ್ಯಾರ್ಥಿಗಳನ್ನು ತರಬೇತಿಗೆ ತೆಗೆದುಕೊಳ್ಳುತ್ತದೆ, ಚೆನ್ನಾಗಿ ಮಾಡಿದವರಿಗೆ ಮುಂದೆ ಕೆಲಸವನ್ನೂ ಕೊಡುತ್ತದೆ. ಅದೇ ಬೇಸಿಗೆಯಲ್ಲಿ ರಘುರಾಮರು ಕೋಡಂಬಾಕ್ಕಂನಲ್ಲಿ ಹೊಸ ಬ್ರಾಂಚ್ ತೆರೆಯುವವರಿದ್ದರು. ಅವರ ಪ್ರಕಾರ ಗಲ್ಲಾದಲ್ಲಿ ಕೂರಲು ಬೇಕಾದ ಅರ್ಹತೆ ಒಂದೇ, ರಕ್ತಸಂಬಂಧ. ಹಾಗಾಗಿ ಆ ಕುರ್ಚಿ ಮಗಳಿಗೆಂದು ತೀರ್ಮಾನವಾಗಿತ್ತು. “ರಜೆಯಷ್ಟೇ, ಮುಂದಿನದ್ದು ಆಮೇಲೆ ಕಾಂಬ,” ಎಂದಿದ್ದರು. ಅಶ್ವಿತಾಳ ಚಿಕ್ಕಪ್ಪನೂ ಒಂದು ಕಾಲದಲ್ಲಿ ಬೇಸಿಗೆ ರಜೆಯಷ್ಟೇ ಎಂದು ಟಿ. ನಗರದ ಬ್ರಾಂಚಿನ ಗಲ್ಲಾದಲ್ಲಿ ಕೂತವರು. ಈಗ ಅವರಿಗೆ ಸೊಂಟನೋವೂ ಇದೆ, ಮೊಮ್ಮಗಳೂ ಇದ್ದಾಳೆ.

ಅಶ್ವಿತಾ ಅಪ್ಪನಿಗೂ ‘ಸರಿ’ ಎಂದಳು, ಅಂಬತ್ತೂರಿಗೂ ಅರ್ಜಿ ಹಾಕಿದಳು. ಯಾರಿಗೂ ‘ಇಲ್ಲ’ ಎನ್ನದಿರುವುದು ಅವಳೊಬ್ಬಳ ಗುಣವಲ್ಲ, ಹೋಟೆಲಿನ ಕಾನೂನು.

ಕುಂದಾಪುರದ ಕಡೆಯಿಂದ ಬಂದ ಈ ಮನೆತನದಲ್ಲಿ ಅಕ್ಕಿ ಮುಗಿದರೆ ‘ತುಂಬಿದೆ’ ಎನ್ನುತ್ತಾರೆ, ದೀಪ ಆರಿಸುವುದಕ್ಕೆ ‘ದೊಡ್ಡದು ಮಾಡು’ ಎನ್ನುತ್ತಾರೆ. ರಘುರಾಮರು ಇದನ್ನು ವ್ಯಾಪಾರಕ್ಕೂ ತಂದಿದ್ದಾರೆ. “ಅನ್ನದ ಜಾಗದಲ್ಲಿ ಆ ಶಬ್ದ ಬಪ್ಪುಕಾಗ,” ಬರಕೂಡದು ಎಂಬುದು ಅವರ ಮಾತು. ಕನ್ನಡದ ‘ಇಲ್ಲ’, ಊರಿನ ‘ಇಲ್ಲೆ’, ತಮಿಳಿನ ‘ಇಲ್ಲೈ’ ಮೂರಕ್ಕೂ ನಿಷೇಧ. ಸಂಜೆ ಗಲ್ಲಾದ ಮೇಲಿನ ದೇವರ ಪಟಕ್ಕೆ ದೀಪ ಹಚ್ಚಿದ ಮೇಲಂತೂ ಕಟ್ಟುನಿಟ್ಟು. ವಡೆ ಮುಗಿದಿದ್ದರೆ ಸುರೇಶ ವಡೆಯ ಸುದ್ದಿಯನ್ನೇ ಎತ್ತುವುದಿಲ್ಲ. “ಬಿಸಿ ಬೋಂಡ ಇದೆ ಸಾರ್,” ಎನ್ನುತ್ತಾನೆ. ಬೋಂಡವೂ ಮುಗಿದಿದ್ದ ಒಂದು ದಿನ ಹಿಂಬಾಗಿಲಿನಿಂದ ಓಡಿ ಎದುರಿನ ಹೋಟೆಲಿನ ಬೋಂಡ ತಂದು ಬಡಿಸಿದ್ದ. ಗಿರಾಕಿ ಎಂದಿಗಿಂತ ಚೆನ್ನಾಗಿದೆ ಎಂದದ್ದು ರಘುರಾಮರಿಗೆ ಇನ್ನೂ ತಿಳಿದಿಲ್ಲ.

ಪೈಥಾನ್ ಕಲಿಕೆಗೆ ಅಶ್ವಿತಾಳ ಗುರು ಅವಳ ದೊಡ್ಡಪ್ಪನ ಮಗ ಮನೀಶ್. ಒಂದು ಕೆಲಸ ಬಿಟ್ಟು ಇನ್ನೊಂದು ಸಿಗುವ ನಡುವಿನ ಅವಧಿಯಲ್ಲಿದ್ದ. ಆ ಅವಧಿ ಸ್ವಲ್ಪ ಉದ್ದವಾಗಿತ್ತು.

“ಫಂಡಮೆಂಟಲ್ಸ್ ಸ್ಟ್ರಾಂಗ್ ಆಗ್ಬೇಕು ಮಾರಾಯ್ತಿ. ಮೊದಲು ರೋಡ್‌ಮ್ಯಾಪ್, ಆಮೇಲೆ ಕೋರ್ಸು, ಆಮೇಲೆ ಪ್ರಾಜೆಕ್ಟು. ಅವಸರ ಮಾಡಿ ಕೋಡ್ ಬರೆದ್ರೆ ಕೆಟ್ಟ ಅಭ್ಯಾಸ ಬೀಳ್ತದೆ.”

“ನೀನು ಎಲ್ಲಿವರೆಗೆ ಬಂದಿ ಮನೀಶಣ್ಣ?”

“ನಾನು ರೋಡ್‌ಮ್ಯಾಪ್ ಕಂಪೇರ್ ಮಾಡ್ತಾ ಇದ್ದೇನೆ.”

ಅವನ ಮಾತು ಕೇಳಿ ಅವಳು ಕೋಡ್ ಬರೆಯುವ ಸಾಫ್ಟ್‌ವೇರ್ ಒಂದನ್ನು ಹಾಕಿಕೊಂಡಳು. ಅದಕ್ಕಿಂತ ಒಳ್ಳೆಯದಿದೆ ಎಂದು ಗೊತ್ತಾಗಿ ಇನ್ನೊಂದನ್ನು ಹಾಕಿಕೊಂಡಳು. ಪರದೆಯ ಬಣ್ಣ ಕಪ್ಪಿರಬೇಕೋ ಕಡುನೀಲಿಯಿರಬೇಕೋ ಎಂದು ಒಂದು ಇಡೀ ಭಾನುವಾರ ಯೋಚಿಸಿದಳು. ವಿಡಿಯೊಗಳನ್ನು ನೋಡಿ ತಲೆಯಾಡಿಸಿದಳು. ನೋಡುವಾಗ ಎಲ್ಲವೂ ಅರ್ಥವಾಗುತ್ತಿತ್ತು, ಬೇರೆಯವರು ಈಜುವುದನ್ನು ದಡದಲ್ಲಿ ಕೂತು ನೋಡಿದರೆ ಅರ್ಥವಾಗುವ ಹಾಗೆ. ಕಾವಲಿಗೆ ಎಣ್ಣೆ ಸವರಿದ್ದೇ ಸವರಿದ್ದು, ಒಂದು ಸೌಟು ಹಿಟ್ಟೂ ಹೊಯ್ದಿರಲಿಲ್ಲ.

ಅಂಬತ್ತೂರಿನಿಂದ ಮೇಲ್ ಬಂತು. ಬರುವ ಶುಕ್ರವಾರ ಸಂದರ್ಶನ, ಸ್ವಂತವಾಗಿ ಬರೆದ ಒಂದು ಪ್ರೋಗ್ರಾಂ ತರಬೇಕು, ಸಣ್ಣದಾದರೂ ಸರಿ, ಓಡಬೇಕು.

ವಿಡಿಯೊ ಅಂದಿಗೆ ನಿಂತಿತು. ರೈಲಿನಲ್ಲಿ ಕಂಬಕ್ಕೆ ಒರಗಿ ಫೋನಿನಲ್ಲೇ ನಾಲ್ಕು ಸಾಲು ಬರೆದಳು. ಲ್ಯಾಬಿನಲ್ಲಿ ಮೇಷ್ಟ್ರು ಹಾಜರಿ ಕರೆಯುವಾಗ ಎರಡು ಸಾಲು, ಗಲ್ಲಾದಲ್ಲಿ ಜನ ಕಡಿಮೆಯಾದಾಗ ಇನ್ನೊಂದಿಷ್ಟು. ಏನು ಬರೆಯುವುದೆಂದು ಯೋಚಿಸುವಷ್ಟು ಪುರುಸೊತ್ತು ಇರಲಿಲ್ಲ. ಎದುರಿಗೆ ತಿಂಡಿಗಳ ಬೋರ್ಡಿತ್ತು, ಅದನ್ನೇ ಬರೆದಳು. ತಿಂಡಿಯ ಹೆಸರು ಟೈಪ್ ಮಾಡಿದರೆ, ಮಾರಿದಷ್ಟನ್ನು ಕಳೆದು, ಅದು ಎಷ್ಟು ಉಳಿದಿದೆ ಎಂದು ಪ್ರೋಗ್ರಾಂ ಹೇಳಬೇಕು. ಮುಗಿದಿದ್ದರೆ ಏನು ಹೇಳಬೇಕೆಂಬುದರ ಬಗ್ಗೆ ಅವಳಿಗೆ ಯಾವ ಸಂಶಯವೂ ಇರಲಿಲ್ಲ.

ತೊಂದರೆ ಕೊಟ್ಟದ್ದು ಕೆಂಪು ಅಕ್ಷರಗಳು. ಬರೆದದ್ದರಲ್ಲಿ ತಪ್ಪಿದ್ದರೆ ಪೈಥಾನ್ ಅಲ್ಲಿಯೇ ನಿಂತು, ಯಾವ ಸಾಲಿನಲ್ಲಿ ಏನು ತಪ್ಪೆಂದು ಕೆಂಪಕ್ಷರದಲ್ಲಿ ಬೈಯುತ್ತದೆ. ಗಿರಾಕಿಯ ಮುಂದೆ ಹೀಗೆ ನಿಂತುಬಿಡುವುದು ಅಶ್ವಿತಾಳಿಗೆ ಮರ್ಯಾದೆಗೇಡಾಗಿ ಕಂಡಿತು. ಇಡೀ ಪ್ರೋಗ್ರಾಮಿಗೆ ಹೊದಿಕೆ ಹಾಕುವ ಎರಡು ಸಾಲುಗಳಿವೆ ಎಂದು ಎಲ್ಲೋ ಓದಿದಳು. ಒಳಗೆ ಏನೇ ತಪ್ಪಾದರೂ ಬೈಗುಳ ಹೊರಗೆ ಬಾರದು, ನಾವು ಹೇಳಿಕೊಟ್ಟ ಮಾತೇ ಬರುತ್ತದೆ. ಹಾಕಿದಳು. ಕೆಂಪು ಮಾಯವಾಯಿತು. ಅವಳು ಹೇಳಿಕೊಟ್ಟ ಮಾತು ‘ಬಿಸಿ ಬೋಂಡ ಇದೆ ಸಾರ್’.

ಅಂಬತ್ತೂರಿನ ಕಂಪನಿಯಲ್ಲಿ ಸಂದರ್ಶನ ಮಾಡಿದವರು ವಿಭಾ. ಮೈಸೂರಿನವರು, ಚೆನ್ನೈಗೆ ಬಂದು ಹೆಚ್ಚು ದಿನವಾಗಿಲ್ಲ. ಅರ್ಜಿಯಲ್ಲಿ ಮಾತೃಭಾಷೆ ಕನ್ನಡ ಎಂದು ಕಂಡು ಸಂತೋಷದಿಂದ ಕನ್ನಡದಲ್ಲೇ ಶುರು ಮಾಡಿದರು. ಅಶ್ವಿತಾ “ಸೆರಿ ಮೇಡಂ” ಎಂದು ಲ್ಯಾಪ್‌ಟಾಪ್ ತಿರುಗಿಸಿ ಇಟ್ಟಳು.

ವಿಭಾ ‘ಪೊಂಗಲ್’ ಎಂದು ಟೈಪ್ ಮಾಡಿದರು. ಎಂಟು ಪ್ಲೇಟ್ ಇದೆ ಎಂದಿತು. ತಮಿಳರ ಬೇಳೆದೋಸೆ ‘ಅಡೈ’ಯನ್ನು ಟೈಪ್ ಮಾಡಿದರು. ಬಿಸಿ ಬೋಂಡ ಇದೆ ಸಾರ್.

“ಚೆನ್ನಾಗಿದೆ,” ಎಂದು ನಕ್ಕು, ‘ಅಂಬತ್ತೂರು’ ಎಂದು ಟೈಪ್ ಮಾಡಿದರು. ಬಿಸಿ ಬೋಂಡ ಇದೆ ಸಾರ್. ತಮ್ಮ ಹೆಸರು ಟೈಪ್ ಮಾಡಿದರು. ಅದಕ್ಕೂ ಬೋಂಡವೇ. ಆಮೇಲೆ ಪ್ರೋಗ್ರಾಮಿನ ಒಳಗೆ ಹೋಗಿ ಬೋಂಡದ ಲೆಕ್ಕವನ್ನೇ ಸೊನ್ನೆ ಮಾಡಿ, ‘ಬೋಂಡ’ ಎಂದು ಕೇಳಿದರು. ಬಿಸಿ ಬೋಂಡ ಇದೆ ಸಾರ್.

“ಬೋಂಡಾನೇ ಖಾಲಿ ಆಗಿದೆಯಲ್ಲಮ್ಮಾ. ಎಲ್ಲಿಂದ ತರ್ತೀಯಾ?”

“ಎದುರಿನ ಹೋಟೆಲಿಂದ, ಮೇಡಂ,” ಎಂದಳು ಅಶ್ವಿತಾ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು.

ವಿಭಾ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಕ್ಕಾದ ಮೇಲೆ ಕಿಟಕಿಯಾಚೆಗಿನ ಕಾರ್ಖಾನೆಯ ಶೆಡ್ಡುಗಳನ್ನು ತೋರಿಸಿದರು.

“ನೋಡಮ್ಮ, ನಾವು ಪ್ರೋಗ್ರಾಂ ಬರೆಯೋದು ಅಲ್ಲಿರೋ ಪ್ರೆಸ್ ಮೆಷಿನ್‌ಗಳಿಗೆ. ಕೈ ಒಳಗಿದೆಯೋ ಇಲ್ವೋ ಅಂತ ಒಂದು ಸೆನ್ಸರ್ ನೋಡ್ತಾ ಇರುತ್ತೆ. ಸೆನ್ಸರ್ ಕೆಟ್ರೆ ಪ್ರೋಗ್ರಾಂ ‘ನಂಗೆ ಗೊತ್ತಿಲ್ಲ’ ಅಂತ ನಿಂತುಬಿಡಬೇಕು. ನಿಂದು ಅಲ್ಲೂ ಬಿಸಿ ಬೋಂಡ ಅಂದ್ರೆ ಯಾರದ್ದೋ ಬೆರಳು ಹೋಗುತ್ತೆ. ಸೋಮವಾರ ಮತ್ತೆ ಬಾ. ಇದಕ್ಕೆ ‘ಇಲ್ಲ’ ಅನ್ನೋದು ಕಲಿಸಿಕೊಂಡು ಬಾ. ಬೇಸಿಗೆ ಪೂರ್ತಿ, ದಿನವಿಡೀ ಬರಕ್ಕಾಗುತ್ತೆ ತಾನೇ?”

“ಆಗುತ್ತೆ ಮೇಡಂ,” ಎಂದಳು ಅಶ್ವಿತಾ. ಒಂದೇ ಬೇಸಿಗೆಯನ್ನು ಇಬ್ಬರಿಗೆ ಬಡಿಸಿದ್ದು ರೈಲು ಹತ್ತಿದ ಮೇಲೆ ಹೊಳೆಯಿತು.

ಶನಿವಾರ ಆ ಹೊದಿಕೆಯ ಎರಡು ಸಾಲು ತೆಗೆದಳು. ಅಡಗಿದ್ದ ಕೆಂಪೆಲ್ಲ ಒಮ್ಮೆಲೇ ಹೊರಬಂತು. ಪೊಂಗಲ್ಲನ್ನು ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ ಬರೆದಿದ್ದಳು. ವಡೆಯ ಲೆಕ್ಕ ಸೊನ್ನೆಯಲ್ಲಿ ನಿಲ್ಲದೆ ಕೆಳಗಿಳಿಯುತ್ತಿತ್ತು, ಅಂದರೆ ಹೋಟೆಲೇ ಗಿರಾಕಿಗಳಿಂದ ವಡೆ ಕಡ ತರುತ್ತಿತ್ತು. ಬೈಗುಳದ ಕೊನೆಯ ಸಾಲನ್ನು ಮೊದಲು ಓದಬೇಕು, ರೋಗದ ಹೆಸರು ಅಲ್ಲಿರುತ್ತದೆ ಎಂಬುದು ಆಗ ತಿಳಿಯಿತು. ಓದುತ್ತ, ತಿದ್ದುತ್ತ ಹೋದಳು. ಅಷ್ಟೂ ದಿನ ನೋಡಿದ ವಿಡಿಯೊಗಳಲ್ಲಿ ಯಾರೂ ತಪ್ಪೇ ಮಾಡಿರಲಿಲ್ಲ. ಹಾಗಾಗಿ ಅವುಗಳಿಂದ ಹೆಚ್ಚೇನೂ ಕಲಿಯುವಂತಿರಲಿಲ್ಲ.

ಭಾನುವಾರ ಸಂಜೆ ಗಲ್ಲಾದ ಮೇಲೆಯೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೊನೆಯ ಪರೀಕ್ಷೆ ಮಾಡುತ್ತಿದ್ದಳು. ‘ಅಂಬತ್ತೂರು’ ಎಂದು ಟೈಪ್ ಮಾಡಿದಳು. ಪರದೆಯ ಮೇಲೆ ದಪ್ಪಕ್ಷರದಲ್ಲಿ ‘ಇಲ್ಲ’ ಎಂದು ಬಂತು. ಬಿಲ್ ಒಯ್ಯಲು ಬಂದ ಸುರೇಶ ಅದನ್ನು ಕಂಡು ಹೆಗಲ ಮೇಲಿನ ಟವೆಲ್ಲನ್ನೇ ಪರದೆಯ ಮೇಲೆ ಎಳೆದ.

“ದೀಪ ಹಚ್ಚಿ ಆಯ್ತ್ ಅಶ್ವಿತಕ್ಕಾ! ಧಣಿಗಳ್ ಕಂಡ್ರೆ ನನ್ನನ್ನೂ ಸೇರ್ಸಿ ಓಡಸ್ತ್ರ್.”

ಧಣಿಗಳು ಕಂಡಾಗಿತ್ತು. ರಘುರಾಮರು ಟವೆಲ್ ಎತ್ತಿ ನೋಡಿ, ಮೆಲ್ಲಗೆ ಮತ್ತೆ ಮುಚ್ಚಿದರು.

“ಎಂತದ್ ಹೆಣ್ಣೇ ಇದ್? ಗಲ್ಲಾದ್ ಮೇಲೆ ಇಂಥಾ ಮಾತಾ?”

“ಅಪ್ಪಾ, ಇದು ಅಂಬತ್ತೂರಿಗೆ. ಟ್ರೇನಿಂಗ್. ಬೇಸಿಗೆ ಪೂರ್ತಿ, ಡೈಲಿ ಹೋಗ್ಬೇಕು.”

“ಮತ್ತೆ ಕೋಡಂಬಾಕ್ಕಂ?”

ಚಿಲ್ಲರೆಗಾಗಿ ಕಾಯುತ್ತಿದ್ದ ಗಿರಾಕಿಯೊಬ್ಬರು ಭಾಷೆ ಗೊತ್ತಿಲ್ಲದಿದ್ದರೂ ಇಬ್ಬರ ಮುಖವನ್ನೂ ಸರದಿಯಂತೆ ನೋಡತೊಡಗಿದರು. ಅಶ್ವಿತಾ ಅವರಿಗೆ ಚಿಲ್ಲರೆ ಕೊಟ್ಟಳು. ಪಟದ ಮುಂದೆ ದೀಪ ಉರಿಯುತ್ತಿತ್ತು.

“ಕೋಡಂಬಾಕ್ಕಂಗೆ ನಾನು ಇಲ್ಲ ಅಪ್ಪಾ.”

ಸುರೇಶ ಬಿಲ್ ತೆಗೆದುಕೊಳ್ಳದೆ ಒಳಗೆ ಹೋಗಿಬಿಟ್ಟ. ರಘುರಾಮರು ಬಾಯಿ ತೆರೆದರು. ಅಲ್ಲಿ ಹೇಳಬೇಕಾಗಿದ್ದುದು ಒಂದೇ ಮಾತು, ಅದನ್ನು ಹೇಳುವಂತಿರಲಿಲ್ಲ. ದೀಪದ ಕಡೆ ನೋಡಿದರು, ಮಗಳ ಕಡೆ ನೋಡಿದರು. ಮೂವತ್ತು ವರ್ಷ ಗಿರಾಕಿಗಳ ಮುಂದೆ ಮಾಡಿದಂತೆಯೇ, ಮುಗಿದದ್ದನ್ನು ಬಿಟ್ಟು ಉಳಿದದ್ದರ ಮಾತೆತ್ತಿದರು:

“ಶನಿವಾರ, ಆದಿತ್ಯವಾರ ಇತ್ತಾ?”

“ಆದಿತ್ಯವಾರ ಸಂಜೆ ಇದೆ.”

“ಶನಿವಾರ?”

“ಮುಗಿದಿದೆ ಅಪ್ಪಾ.”

“ತುಂಬಿತ್ ಅಂದೇಳ್,” ಎಂದು ತಿದ್ದಿದರು ರಘುರಾಮರು. ಅಶ್ವಿತಾ ತುಂಬಿದೆ ಎಂದಳು.

ಸೋಮವಾರ ವಿಭಾ ಬೋಂಡದ ಲೆಕ್ಕವನ್ನು ಮತ್ತೆ ಸೊನ್ನೆ ಮಾಡಿ ಕೇಳಿದರು. ಪ್ರೋಗ್ರಾಂ ಇಲ್ಲ ಎಂದಿತು. ಅವರು ಪೊಂಗಲ್ಲಿನ ಲೆಕ್ಕದ ಜಾಗದಲ್ಲಿ ಬರೀ ಚುಕ್ಕಿಗಳನ್ನು ಟೈಪ್ ಮಾಡಿದಾಗ ಅದು ನಿಂತೇಹೋಗಿ ಕೆಂಪಾಯಿತು. ಅಶ್ವಿತಾ ಕೊನೆಯ ಸಾಲು ಓದಿ, ಅವರ ಎದುರಿಗೇ ಕೂತು ಸರಿಮಾಡಿದಳು. ಅವಳನ್ನು ತೆಗೆದುಕೊಂಡದ್ದು ಅದಕ್ಕೇ ಎಂದು ವಿಭಾ ಆಮೇಲೆ ಹೇಳಿದರು.

ಕೋಡಂಬಾಕ್ಕಂ ಬ್ರಾಂಚ್ ಗೊತ್ತುಪಡಿಸಿದ ದಿನಕ್ಕೇ ತೆರೆಯಿತು. ಅಲ್ಲಿನ ಗಲ್ಲಾದಲ್ಲಿ ಮನೀಶ್ ಇದ್ದಾನೆ. ರಕ್ತಸಂಬಂಧವಿದೆ, ಸಮಯವೂ ಇದೆ. ಎದುರಿಗಿರುವ ಫೋನಿನಲ್ಲಿ ಪೈಥಾನ್ ಪಾಠ ನಡೆಯುತ್ತಿರುತ್ತದೆ. ಭಾನುವಾರ ಸಂಜೆ ಅವನನ್ನು ಬಿಡಿಸಲು ಅಶ್ವಿತಾ ಹೋದರೆ, ಇನ್ನೊಂದು ಅಧ್ಯಾಯ ಮುಗಿಯಲಿ ಎಂದು ಅವನು ಏಳುವುದಿಲ್ಲ.

“ಇರ್ಲಿ ಬಿಡ್,” ಎನ್ನುತ್ತಾರೆ ರಘುರಾಮರು. “ಅವ ಮುಂಚಿಂದ್ಲೂ ಕೂತ್ಕಂಬುದ್ರಲ್ಲಿ ಹುಷಾರ್.”