ಪಾಠ ವಾಪಸು ಪಡೆದ ಮೇಷ್ಟರು

ಕಳೆದ ತಿಂಗಳು ಬಚ್ಚಲಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡೆ. ವೈದ್ಯರು ಪಟ್ಟಿಯನ್ನು ನೀರಿನಲ್ಲಿ ಅದ್ದಿ ಕೈಗೆ ಸುತ್ತತೊಡಗಿದಾಗ ಹಸಿ ಪ್ಲಾಸ್ಟರಿನ ವಾಸನೆ ಬಂತು. ಸೀಮೆಸುಣ್ಣಕ್ಕೂ ಒದ್ದೆ ಗೋಡೆಗೂ ನಡುವಿನ ವಾಸನೆ... ನೋವು ಮರೆತು ಶಿರಾ ನೆನಪಾಯಿತು. ಶಿರಾದ ಜೊತೆಗೆ ಅವರು.

ಐವತ್ತರ ದಶಕದಲ್ಲಿ ಅಲ್ಲಿಯ ಹೈಸ್ಕೂಲಿನಲ್ಲಿ ನಾನು ಕನ್ನಡ ಪಂಡಿತ. ವಯಸ್ಸು ಇಪ್ಪತ್ತನಾಲ್ಕು, ಪಾಂಡಿತ್ಯ ಅದಕ್ಕಿಂತ ಎಳೆಯದು. ಅವರು ವಿಜ್ಞಾನದ ಮೇಷ್ಟರು. ಮನುಷ್ಯ ಎಲ್ಲಿಂದ ಬಂದ ಎಂಬ ಪ್ರಶ್ನೆ ಪಾಠಪಟ್ಟಿಯಲ್ಲಿ ಇರಲಿಲ್ಲ. ಅವರ ತಲೆಯಲ್ಲಿ ಇತ್ತು. ವಿದ್ವಾಂಸರಲ್ಲಿ ಎರಡು ಪಂಗಡವಂತೆ. ಮನುಷ್ಯ ಒಂದೇ ಕಡೆ ಹುಟ್ಟಿ ಲೋಕವೆಲ್ಲ ಹಬ್ಬಿದ ಎನ್ನುವವರದು ಒಂದು. ಆಯಾ ಸೀಮೆಯ ಆದಿಮಾನವನೇ ಆಯಾ ಸೀಮೆಯಲ್ಲಿ ಬೆಳೆದು ಇಂದಿನ ಮನುಷ್ಯನಾದ ಎನ್ನುವವರದು ಇನ್ನೊಂದು. ಮೇಷ್ಟರು ಎರಡನೆಯ ಪಂಗಡದ ಶಿರಾ ಶಾಖೆ. ಶಾಖೆಗೆ ಅವರೊಬ್ಬರೇ ಸದಸ್ಯರು. ಸಾಕ್ಷಿಗಾಗಿ ಜಾವಾದ್ದೊಂದು, ಚೀನಾದ್ದೊಂದು, ಇಂಗ್ಲೆಂಡಿನದೊಂದು ತಲೆಬುರುಡೆಯನ್ನು ಚಿತ್ರ ನೋಡಿ ಪ್ಲಾಸ್ಟರಿನಲ್ಲಿ ಮಾಡಿ, ಟೀ ಡಿಕಾಕ್ಷನ್ ಬಳಿದು ಪ್ರಾಚೀನಗೊಳಿಸಿ, ಬೀರುವಿನಲ್ಲಿ ಇಟ್ಟಿದ್ದರು.

ಒಂದು ದಿನ ಹಳೆಯ ವಿಲಾಯತಿ ಪತ್ರಿಕೆಯೊಂದನ್ನು ಹಿಡಿದು ಸ್ಟಾಫ್ ರೂಮಿಗೆ ಬಂದರು. ಮುಖ ಬಿಳಿಚಿತ್ತು. ಇಂಗ್ಲೆಂಡಿನ ಬುರುಡೆ ಮೋಸವಂತೆ. ಮನುಷ್ಯನ ತಲೆಗೆ ವಾನರದ ದವಡೆ ಜೋಡಿಸಿ, ಹಲ್ಲಿಗೆ ಅರ ಉಜ್ಜಿ, ಬಣ್ಣ ಬಳಿದು ಯಾರೋ ನಲವತ್ತು ವರ್ಷ ಲೋಕವನ್ನು ನಂಬಿಸಿದ್ದರಂತೆ.

"ಹನ್ನೆರಡು ವರ್ಷದಿಂದ ಮಕ್ಕಳಿಗೆ ಹೇಳಿಬಿಟ್ಟಿದ್ದೀನಲ್ಲ ಪಂಡಿತರೇ" ಎಂದರು.

ಬೇರೆಯವರಾಗಿದ್ದರೆ ಬುರುಡೆಯನ್ನು ಬೀರುವಿನ ಹಿಂದಕ್ಕೆ ಸರಿಸಿ ಸುಮ್ಮನಾಗುತ್ತಿದ್ದರು. ಇವರು ಹಳೆಯ ಹಾಜರಿ ಪುಸ್ತಕಗಳಿಂದ ಹೆಸರು ಬರೆದುಕೊಂಡು, ಭಾನುವಾರ ಭಾನುವಾರ ಶಿಷ್ಯರ ಮನೆಗೆ ಹೋಗಿ ಪಾಠ ವಾಪಸು ಪಡೆಯುವುದೆಂದು ನಿರ್ಧರಿಸಿದರು. ಹೇಳಿದ ಮಾತನ್ನು ಹಿಂತೆಗೆದುಕೊಳ್ಳದೆ ಇದ್ದರೆ ಇನ್ನು ಕರಿಹಲಗೆಯ ಮುಂದೆ ನಿಲ್ಲಲಾರೆ ಎಂದರು. ನಾನು ಜೊತೆಗೆ ಹೋದದ್ದು ಗೌರವದಿಂದಲ್ಲ, ಅನುಮಾನದಿಂದ. ಇಷ್ಟೊಂದು ಪ್ರಾಮಾಣಿಕತೆಯ ಹಿಂದೆ ಏನೋ ಇರಲೇಬೇಕು ಎಂದು ನನಗೆ ಖಾತ್ರಿಯಾಗಿತ್ತು.

ಮೊದಲು ಮಸೀದಿ ಹತ್ತಿರದ ಕಡಲೆಕಾಯಿ ಮಂಡಿ. ಅದರ ಯಜಮಾನ ಇವರ ಶಿಷ್ಯ. ವಿಷಯ ಕೇಳಿ ಗಡ್ಡ ನೀವಿಕೊಂಡ.

"ಎಲ್ಲಾರ್ಗೂ ಮೊದಲ್ನೇ ತಾತ ಬಾವಾ ಆದಮ್ ಒಬ್ರೇ ಅಂತ ಟೆಸ್ಟ್‌ನಲ್ಲಿ ಬರ್ದಿದ್ದೆ ಸಾರ್. ಇಷ್ಟು ದಪ್ಪ ಸೊನ್ನೆ ಹಾಕಿದ್ರಿ. ಅದಕ್ಕೆ ನಮ್ಮ ಅಬ್ಬಾ ಬೆನ್ನ ಮೇಲೆ ಬೇರೆ ನಾಲ್ಕು ಹಾಕಿದ್ರು."

"ಆ ಸೊನ್ನೆ ವಾಪಸು ತಗೊಂಡೆ. ನೀನು ಬರೆದದ್ದು ಸರಿ ಅಂತಲ್ಲ. ತಪ್ಪು ಅನ್ನೋಕೆ ನನ್ನ ಹತ್ರ ಆಧಾರ ಇರಲಿಲ್ಲ."

ಅವನು ಕಣ್ಣು ಕಿರಿದು ಮಾಡಿ ನಮ್ಮಿಬ್ಬರನ್ನೂ ನೋಡಿದ. "ಖುಲ್ಲಂಖುಲ್ಲಾ ಹೇಳ್ಬುಡಿ ಸಾರ್. ಎಲೆಕ್ಷನ್‌ಗೆ ನಿಂತಿದೀರಾ?"

ಬರಗೂರಿನಲ್ಲಿ ಪ್ರಸಂಗ ಇನ್ನೂ ಗಂಭೀರವಾಯಿತು. ಒಗೆದ ಪಂಚೆಯುಟ್ಟ ಇಬ್ಬರು ಮೇಷ್ಟರು, ಅದರಲ್ಲೊಬ್ಬ ಮದುವೆಯಾಗದವನು, ಹೇಳದೆ ಕೇಳದೆ ಮನೆಗೆ ಬಂದರೆ ಏನರ್ಥ? ಶಿಷ್ಯ ಹೊಲದಲ್ಲಿದ್ದ. ಅವನ ತಾಯಿ ನಮ್ಮನ್ನು ಜಗುಲಿಯಲ್ಲಿ ಕೂರಿಸಿ, ಮಗಳಿಗೆ ಸೀರೆ ಉಡಿಸಲು ಒಳಗೆ ಓಡಿದರು. ಹುಡುಗಿ ಉಪ್ಪಿಟ್ಟು ಹಿಡಿದು ಹೊರಗೆ ಬರುವುದಕ್ಕೂ, ಮೇಷ್ಟರು ಶಿಷ್ಯನಿಗೆ ತೋರಿಸಲೆಂದು ಚೀಲದಿಂದ ಆ ಇಂಗ್ಲೆಂಡಿನ ಬುರುಡೆ ತೆಗೆದು ಜಗುಲಿಯ ಮೇಲೆ ಇಡುವುದಕ್ಕೂ ಸರಿಹೋಯಿತು.

"ಅಯ್ಯಯ್ಯೋ, ಬನ್ರೋ! ನಿಧಿ ತೆಗೆಯೋರು ಬಂದ್ಬುಟ್ಟವ್ರೆ!" ಎಂದು ತಾಯಿ ಬಾಗಿಲಿನಿಂದ ಕೂಗಿಕೊಂಡರು.

ನಿಧಿ ಅಗೆಯುವವರು ಬುರುಡೆ ಇಟ್ಟು ಪೂಜೆ ಮಾಡುತ್ತಾರೆ, ಬಲಿಗೆ ಜನ ಹುಡುಕುತ್ತಾರೆ ಎಂಬ ಭಯ ಆ ಕಡೆ ಗಟ್ಟಿಯಾಗಿತ್ತು. ಗಳಿಗೆಯಲ್ಲಿ ಊರು ಸೇರಿತು. ಕೆಲವರ ಕೈಯಲ್ಲಿ ದೊಣ್ಣೆಯೂ ಇತ್ತು. ಅಷ್ಟರಲ್ಲಿ ಹೊಲದಿಂದ ಓಡಿಬಂದ ಶಿಷ್ಯ ಅಡ್ಡ ನಿಂತ.

"ಲೇ, ಸುಮ್ಕಿರ್ರಲೇ. ನಮ್ ಮೇಷ್ಟ್ರು ಇವ್ರು. ಒಂದೇ ಒಂದ್ ಸುಳ್ ಹೇಳ್ದೋರಲ್ಲ."

"ಹೇಳಿದ್ದೀನಪ್ಪ. ಅದಕ್ಕೇ ಬಂದದ್ದು" ಎಂದರು ಮೇಷ್ಟರು.

"ನೋಡ್ರಪ್ಪ, ಅವ್ರೇ ಒಪ್ಕಂಡ್ರು!" ಎಂದ ಗುಂಪಿನಲ್ಲಿದ್ದ ಮುದುಕ.

ಸ್ಕೂಲಿನ ತನಿಖೆಗೆ ಬಂದಿದ್ದೇವೆ ಎಂದುಬಿಡಿ ಎಂದು ಪಿಸುಗುಟ್ಟಿ ಅವರ ತೋಳು ಜಗ್ಗಿದೆ. ಕೇಳಲಿಲ್ಲ. ಇನ್ನೊಂದು ಸುಳ್ಳು ಹೇಳುವ ಬದಲು ಬುರುಡೆಯನ್ನು ಎತ್ತಿ ಜಗುಲಿ ಕಲ್ಲಿಗೆ ಕುಕ್ಕಿದರು. ಒಳಗೆಲ್ಲ ಬೆಳ್ಳಗೆ. ತಾಯಿ ಒಂದು ಚೂರನ್ನು ಎತ್ತಿ ಉಗುರಿನಿಂದ ಕೆರೆದರು.

"ಥೂ, ಸುಣ್ಣ ಕಣ್ರೋ!"

ಊರು ನಿರಾಸೆಯಿಂದ ಚದುರಿತು. ಸೀರೆಯುಟ್ಟ ಹುಡುಗಿ ಬಾಗಿಲ ಸಂದಿಯಲ್ಲಿ ನಕ್ಕಳು. ಶಿಷ್ಯ ಪಾಠವನ್ನೆಲ್ಲ ಕೇಳಿಸಿಕೊಂಡು, "ಅಂಗಾರೆ ಒಂದೇ ಕಡೆ ಹುಟ್ಟಿದ್ದು ಅನ್ನೋದೇ ದಿಟವಾ ಸಾರ್?" ಎಂದ.

"ಅದೂ ಗೊತ್ತಿಲ್ಲ."

"ಗೊತ್ತಿಲ್ಲ ಅನ್ನಕ್ಕೆ ಶಿರಾದಿಂದ ಬಂದ್ರಾ?" ಎಂದವನು, ನಮ್ಮನ್ನು ಬಸ್ಸು ಹತ್ತಿಸಿ ಹೊಲಕ್ಕೆ ಹೊರಟ. ನಂಬಿದನೋ ಇಲ್ಲವೋ, ನನಗೆ ತಿಳಿಯಲಿಲ್ಲ.

ಬಸ್ಸಿನಲ್ಲಿ ಮೇಷ್ಟರು ಪಂಚೆಯ ಮೇಲಿನ ಸುಣ್ಣದ ಪುಡಿ ಕೊಡವಿದರು. "ತಪ್ಪು ಹೇಳಿದಾಗ ಒಬ್ಬರಿಗೂ ಅನುಮಾನ ಬರಲಿಲ್ಲ. ಇವತ್ತು ನೋಡಿ..." ಎಂದರು.

ನಾನು ಎರಡು ತಿಂಗಳಿಗೆ ದಣಿದು ಬಿಟ್ಟೆ. ಅವರು ಬಿಡಲಿಲ್ಲ. ಬಡವನಹಳ್ಳಿ, ಮಧುಗಿರಿ, ಕೊರಟಗೆರೆ... ಹೋದಲ್ಲೆಲ್ಲ ವಿಮೆ ಮಾಡಿಸಲು ಬಂದರೆಂದೋ, ಮತ ಕೇಳಲು ಬಂದರೆಂದೋ ಜನ ಬಾಗಿಲು ಅರ್ಧ ಮಾತ್ರ ತೆರೆಯುತ್ತಿದ್ದರಂತೆ. ಅರವತ್ತರ ದಶಕ ಮುಗಿಯುವ ಮೊದಲೇ ಅವರು ತೀರಿಕೊಂಡರು. ಪಾವಗಡದ ಕಡೆಯ ಕೆಲವು ಶಿಷ್ಯರು ಮಾತ್ರ ಉಳಿದಿದ್ದರಂತೆ. ಮೇಷ್ಟರ ಪ್ರಾಮಾಣಿಕತೆಯ ಹಿಂದೆ ಏನಿತ್ತು ಎಂದು ನಾನು ಬಹಳ ವರ್ಷ ಹುಡುಕಿದೆ. ಏನೂ ಇರಲಿಲ್ಲ. ನನ್ನಂಥವನಿಗೆ ಅದನ್ನು ಕ್ಷಮಿಸುವುದು ಸುಲಭವಲ್ಲ.

ಈಗ ಪೇಪರಿನಲ್ಲಿ ಬರೆಯುತ್ತಾರೆ: ನಾವೆಲ್ಲ ಬಹುಮಟ್ಟಿಗೆ ಆಫ್ರಿಕಾದಿಂದ ಹೊರಟವರು, ದಾರಿಯಲ್ಲಿ ಅಲ್ಲಲ್ಲಿಯ ಹಳಬರ ರಕ್ತವೂ ಒಂದಿಷ್ಟು ಬೆರೆತಿದೆ. ಇರಬಹುದು. ನಂಬಲು ನನಗೇನೂ ಆತುರವಿಲ್ಲ. ನಾಳೆ ಇದೂ ತಪ್ಪೆಂದಾದರೆ ಮೂಲೆಯಲ್ಲಿ ಎರಡು ಸಾಲು ಹಾಕಿ ಮುಗಿಸುತ್ತಾರೆ. ಬಿಸಿಲಲ್ಲಿ ಬಂದು, ಬಾಗಿಲು ತಟ್ಟಿ, "ಪಂಡಿತರೇ, ನಾನು ತಪ್ಪು ಹೇಳಿದ್ದೆ" ಎನ್ನಬಲ್ಲವರು ನಾನು ಕಂಡಂತೆ ಒಬ್ಬರೇ ಇದ್ದರು. ಅವರಿಲ್ಲ.