ಹತ್ತು ಕೂಸುಗಳ ಸೀಸೆ

ಮೊನ್ನೆ ಗಂಗಾವತಿ ಸಂತೆಯಲ್ಲಿ ಮೀನು ಮಾರುವವಳು ಥರ್ಮಾಕೋಲ್ ಡಬ್ಬಿಯ ಮುಚ್ಚಳ ತೆಗೆದಳು. ಕಿರ್ರೆಂದು ಹಲ್ಲು ಚುಳ್ಳೆನಿಸುವ ಆ ಸದ್ದಿಗೆ ಮೀನು ಮರೆತು ನಿಂತುಬಿಟ್ಟೆ. ಭಾಗ್ಯನಗರದಲ್ಲಿ ನಮ್ಮ ಎದುರು ಮನೆಯ ಆಪಾ ದಿನಾ ಬೆಳಿಗ್ಗೆ ಇಂಥದ್ದೇ ಡಬ್ಬಿಗೆ ಐಸ್ ತುಂಬಿ, ಸ್ಕೂಟರಿನ ಹಿಂದೆ ಹಗ್ಗದಿಂದ ಬಿಗಿದು ಹೊರಡುತ್ತಿದ್ದರು...

ಆಪಾ, ಅಂದರೆ ಅಕ್ಕ, ಎಂದೇ ಓಣಿಯೆಲ್ಲ ಕರೆಯುತ್ತಿದ್ದ ಅವರು ಡಾಕ್ಟರು. ದವಾಖಾನೆ ಇಟ್ಟವರಲ್ಲ, ಸಂಶೋಧನೆ ಮಾಡುವವರು. ಯಕೃತ್ತನ್ನು ಸದ್ದಿಲ್ಲದೆ ಹಾಳು ಮಾಡುವ ಹೆಪಟೈಟಿಸ್ ಬಿ ವೈರಸ್ಸಿನ ಹಿಂದೆ ಬಿದ್ದಿದ್ದರು. ಒಂದೇ ಮನೆಯಲ್ಲಿ ಅದು ಯಾರಿಂದ ಯಾರಿಗೆ ದಾಟುತ್ತದೆ ಎನ್ನುವುದು ಅವರ ಪ್ರಶ್ನೆ. ಅದಕ್ಕಾಗಿ ಗಂಗಾವತಿ ಕಡೆಯ ಸಿದ್ದಾಪುರದ ಗದ್ದೆ ಬಯಲಿನಿಂದ ಕುಷ್ಟಗಿ, ಯಲಬುರ್ಗಾದ ಊರುಗಳ ತನಕ ಅಲೆದು ಮಂದಿಯ ರಕ್ತ ತರುತ್ತಿದ್ದರು. ಡಬ್ಬಿ ನೋಡಿ ಯಾರಾದರೂ ಐಸ್‌ಕ್ಯಾಂಡಿ ಕೇಳಿದರೆ, "ಕೊಡತೀನಿ, ಮೊದಲ ತೋಳು ಚಾಚ್ರಿ" ಅನ್ನುತ್ತಿದ್ದರು.

ನಾನು ಚೊಚ್ಚಲ ಬಸುರಿಯಾಗಿದ್ದಾಗ ರಕ್ತ ಪರೀಕ್ಷೆಯಲ್ಲಿ ಅದೇ ವೈರಸ್ ನನ್ನೊಳಗೂ ಇದೆ ಎಂದು ಗೊತ್ತಾಯಿತು. ಕಾಮಣಿ ಬೇನೆ, ಅಂದರೆ ಕಾಮಾಲೆ, ಎಂಬ ಮಾತು ಕಿವಿಗೆ ಬಿದ್ದದ್ದೇ ಅತ್ತೆ ನನ್ನ ತಾಟು, ಲೋಟ ಬೇರೆ ಇಟ್ಟರು. ಹಿತ್ತಲ ಬಾಗಿಲಲ್ಲಿ ಒಬ್ಬಳೇ ಕೂತು ಉಣ್ಣುತ್ತಿದ್ದೆ.

ಒಂದು ಮಧ್ಯಾಹ್ನ ಆಪಾ ಬಂದು ನನ್ನ ಪಕ್ಕದಲ್ಲೇ ಕೂತರು. ನನ್ನ ತಾಟಿನ ರೊಟ್ಟಿ ಮುರಿದು ಪಲ್ಯ ಹಚ್ಚಿ ತಮ್ಮ ಬಾಯಿಗಿಟ್ಟರು.

ಅತ್ತೆ ಗಾಬರಿಯಾದರು. "ಅಯ್ಯ, ನಿಮಗೂ ಹತ್ತತೈತ್ರಿ!"

"ನನಗ ಹುಟ್ಟಿದಾಗಿಂದ ಐತ್ರಿ," ಎಂದರು ಆಪಾ, ರೊಟ್ಟಿ ಅಗಿಯುತ್ತಲೇ. "ನಮ್ಮ ಅಮ್ಮಿಯಿಂದ ಬಂದದ್ದು. ನಿಮ್ಮ ಮನಿಯಾಗ ಎಷ್ಟು ವರ್ಷ ಚಹಾ ಕುಡದೀನಿ? ನಿಮಗ ಹತ್ತೇತೇನು? ಇದು ರಕ್ತದಿಂದ ಬರೂದ್ರಿ, ರೊಟ್ಟಿಯಿಂದಲ್ಲ."

ಓಣಿಯಲ್ಲಿ ಯಾರಿಗೂ ತಿಳಿಯದ ಗುಟ್ಟನ್ನು ಅವರು ನನ್ನ ಒಂದು ತಾಟಿಗಾಗಿ ಹೇಳಿಬಿಟ್ಟಿದ್ದರು. ಮರುದಿನ ನನ್ನ ತಾಟು ಎಲ್ಲರ ತಾಟುಗಳ ಜೊತೆ ಸೇರಿತ್ತು.

ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಕೂಸಿಗೆ ದಾಟುತ್ತದೆ, ಹುಟ್ಟಿದ ಹನ್ನೆರಡು ತಾಸಿನೊಳಗೆ ಎರಡು ಸೂಜಿ ಹಾಕಿದರೆ ಬಹಳ ಮಟ್ಟಿಗೆ ತಡೆಯಬಹುದು ಎಂದು ಅವರೇ ತಿಳಿಸಿ ಹೇಳಿದರು. ಒಂದು ಲಸಿಕೆ. ಇನ್ನೊಂದು ಸುಲಭಕ್ಕೆ ಸಿಗದ ಔಷಧ. ಅದನ್ನು ಹುಬ್ಬಳ್ಳಿಯಿಂದ ತಂದು ಪರಿಚಯದ ಅಂಗಡಿಯ ಫ್ರಿಜ್ಜಿನಲ್ಲಿ ಇಡಿಸಿದ್ದರು. "ಅಂಜಬ್ಯಾಡ. ನಾ ಅದೀನಿ," ಅಂದರು.

ಕೂಸು ಮೂರು ವಾರ ಮೊದಲೇ, ಒಂದು ಭಾನುವಾರ ಬೆಳಿಗ್ಗೆ ಹುಟ್ಟಿತು. ಆಪಾ ಆಗ ಕುಷ್ಟಗಿ ಕಡೆಯ ಹಳ್ಳಿಯಲ್ಲಿದ್ದರು. ನನ್ನವರು ಫೋನ್ ಮಾಡಿದ್ದೇ ತಡ ಸ್ಕೂಟರ್ ತಿರುಗಿಸಿದರು. ದಾರಿಯಲ್ಲಿ ಔಷಧ ತೆಗೆದುಕೊಂಡು, ಮುಖವೆಲ್ಲ ಧೂಳಾಗಿ, ಮಧ್ಯಾಹ್ನದ ಹೊತ್ತಿಗೆ ದವಾಖಾನೆಯಲ್ಲಿ ನನ್ನ ಮಂಚದ ಹತ್ತಿರ ನಿಂತಿದ್ದರು.

ತಂದ ಔಷಧದ ಸೂಜಿಯೇನೋ ಹಾಕಿಸಿದ್ದಾಯಿತು. ಲಸಿಕೆಗೆ ನರ್ಸಮ್ಮ ಹಿಂದೆ ಮುಂದೆ ನೋಡಿದಳು. "ಇದು ಹತ್ತು ಕೂಸಿನ ಸೀಸೆರಿ ಮೇಡಂ. ಒಂದು ಕೂಸಿಗೆ ಹೆಂಗ ತೆಗೀಲಿ? ಉಳಿದದ್ದು ಹಾಳಾಗತೈತಿ. ನಾಳೆ ಬ್ಯಾರೆ ಕೂಸುಗಳು ಬರತಾವು, ಕೂಡಿಸಿ ಹಾಕೋಣ್ರಿ."

ಆಪಾ ದನಿ ಏರಿಸಲಿಲ್ಲ. "ತೆಗೀರಿ ತಂಗಿ. ಸೀಸೆ ಮತ್ತ ಬರತೈತಿ. ಈ ಕೂಸಿಗೆ ಇವತ್ತಿನ ದಿನ ಮತ್ತ ಬರೂದಿಲ್ಲ."

ನರ್ಸಮ್ಮ ಸೀಸೆಯ ಮುಚ್ಚಳ ಕಿತ್ತಳು. ಸೂಜಿ ಚುಚ್ಚಿದ್ದೇ ಮಗಳು ವಾರ್ಡು ಹಾರಿಹೋಗುವಂತೆ ಚೀರಿದಳು. "ಛಲೋ ಅಳತಾಳ," ಎಂದು ಆಪಾ ನಕ್ಕರು.

ಉಳಿದ ಸೂಜಿಗಳಲ್ಲಿ ಒಂದನ್ನೂ ಆಪಾ ತಪ್ಪಿಸಲು ಬಿಡಲಿಲ್ಲ. ವರ್ಷ ತುಂಬಿದ ಮೇಲೆ ಮಗಳ ರಕ್ತ ಪರೀಕ್ಷೆಯಾಯಿತು. ಫಲಿತಾಂಶ ಬಂದ ದಿನ ಆಪಾ ಓಣಿಯ ತುದಿಯಿಂದಲೇ ಕೂಗುತ್ತ ಬಂದರು: "ಇಲ್ಲ! ಇಕಿಗಿಲ್ಲ!" ಅತ್ತೆ ಒಳಗಿನಿಂದ ಮುಷ್ಟಿ ಸಕ್ಕರೆ ತಂದು ಅವರ ಬಾಯಿಗೇ ಹಾಕಿದರು.

ಮಗಳು ಸಾಲಿಗೆ ಹೋಗುತ್ತಿದ್ದ ವರ್ಷಗಳಲ್ಲಿ ಆಪಾಗೆ ಯಕೃತ್ತಿನ ಕ್ಯಾನ್ಸರ್ ಕಾಣಿಸಿತು. ಊರೂರಿನ ತಾಯಂದಿರ ರಕ್ತ ಪರೀಕ್ಷೆಯ ಕಾಗದಗಳನ್ನು ಹಾಸಿಗೆಯ ಮೇಲೆ ಹರಡಿಕೊಂಡೇ ಇರುತ್ತಿದ್ದರು. "ನಿಮಗ ಸಿಟ್ಟು ಬರೂದಿಲ್ಲೇನ್ರಿ ಆಪಾ?" ಎಂದು ಒಮ್ಮೆ ಕೇಳಿಬಿಟ್ಟೆ. ಕೈಯಲ್ಲಿದ್ದ ಕಾಗದವನ್ನು ಮಡಿಸಿಟ್ಟರು. "ನಮ್ಮ ಅಮ್ಮಿಗೆ ಗೊತ್ತಿರಲಿಲ್ಲ. ನಿನಗ ಗೊತ್ತಾತು. ಇಷ್ಟ ಫರಕ್ ನೋಡು." ಮುಂದಿನ ರಮಜಾನಿಗೆ ಅವರಿರಲಿಲ್ಲ.

ಈಗ ನಾನು ಆರು ತಿಂಗಳಿಗೊಮ್ಮೆ ತಪ್ಪದೆ ತಪಾಸಣೆಗೆ ಹೋಗುತ್ತೇನೆ. ಆ ರೂಢಿ ಹಾಕಿಸಿದವರೂ ಅವರೇ.

ಕಳೆದ ವಾರ ಮಗಳ ಕಾಲೇಜಿನಲ್ಲಿ ರಕ್ತದಾನವಿತ್ತು. ಮೊಳಕೈ ಮಡಿಕೆಗೆ ಹತ್ತಿ ಅಂಟಿಸಿಕೊಂಡು ಬಂದವಳು ಹೊಸ್ತಿಲಲ್ಲೇ, "ಅವ್ವಾ, ಕೊಟ್ಟೆ!" ಅಂದಳು. ನಾನು ಯಾರಿಗೂ ಕೊಡುವಂತಿಲ್ಲ. ಜೀವಮಾನವೆಲ್ಲ ರಕ್ತದ ಹಿಂದೆ ಅಲೆದ ಆಪಾ ಕೂಡ ತಮ್ಮದನ್ನು ಕೊಡುವಂತಿರಲಿಲ್ಲ. ಇವಳು ಕೊಟ್ಟು ಬಂದಿದ್ದಾಳೆ. ಓಡಿಹೋಗಿ ಹೇಳೋಣವೆಂದರೆ ಎದುರು ಮನೆಯಲ್ಲಿ ಬೇರೆ ಯಾರೋ ಇದ್ದಾರೆ. ಮಗಳ ತೋಳು ಹಿಡಿದುಕೊಂಡು ಹಾಗೇ ನಿಂತೆ...