ನಮ್ಮ ಕಾಲುವೆಯ ದೆವ್ವ

ಹೋದ ವಾರ ಅಲಮಾರಿ ಸ್ವಚ್ಛ ಮಾಡುವಾಗ ಹಳೆಯ ಜೆರಾಕ್ಸ್ ಹಾಳೆಗಳ ಕಟ್ಟೊಂದು ಮೇಲಿನಿಂದ ಜಾರಿ ಮಡಿಲಿಗೆ ಬಿತ್ತು. ಅಕ್ಷರ ಅರ್ಧಕ್ಕರ್ಧ ಮಾಸಿವೆ. ವಾಸನೆ ಮಾತ್ರ ಹಾಗೇ ಇದೆ, ಬಿಸಿ ಕಾಗದದ್ದೂ ನುಸಿಗುಳಿಗೆಯದ್ದೂ ಬೆರೆತದ್ದು. ನಾನು ಎಂ.ಎ.ಯಲ್ಲಿ ಓದಿದ ಅಮೆರಿಕದ ದೆವ್ವದ ಕಥೆಗಳವು. ನಗಬೇಡಿ. ದೆವ್ವದ ಕಥೆಯೂ ಒಂದು ಸಾಹಿತ್ಯ ಪ್ರಕಾರ, ಅದನ್ನೂ ಪರೀಕ್ಷೆಗೆ ಓದುತ್ತಾರೆ ಎಂಬುದು ನನಗೂ ವಿಶ್ವವಿದ್ಯಾಲಯಕ್ಕೆ ಹೋಗುವವರೆಗೆ ಗೊತ್ತಿರಲಿಲ್ಲ.

ಅಪ್ಪ ಸುರಪುರದಲ್ಲಿ ಶಾಲಾ ಮಾಸ್ತರರು. ಮಗಳು ಇಂಗ್ಲಿಷ್ ಎಂ.ಎ. ಎಂದು ಎದೆಯುಬ್ಬಿಸಿ ತಿರುಗುತ್ತಿದ್ದವರು, ನಾನು ಏನು ಓದುತ್ತಿದ್ದೇನೆಂದು ಕೇಳಿ ತಿಳಿದ ಮೇಲೆ, "ದೆವ್ವದ ಕತಿಗೆ ಅಷ್ಟು ದೂರ ಹೋಗಬೇಕಾಗಿತ್ತೇನವಾ? ಸಗರದಾಗ ನಿಮ್ಮ ಆಯಿ ಪುಕ್ಕಟೆ ಹೇಳ್ತಿದ್ರಲ್ಲ" ಎಂದರು.

ನಿಜ. ಆಯಿ, ನನ್ನ ತಾಯಿಯ ತಾಯಿ, ಹೇಳುತ್ತಿದ್ದುದು ಒಂದೇ ಕಥೆ. ಅದು ನಿಂಗವ್ವ ಚಿಗವ್ವನದು, ಅಂದರೆ ಆಯಿಯ ಕಿರಿಯ ಮಗಳದು. ನಾನು ಸಣ್ಣವಳಿದ್ದಾಗ ಸಗರದ ಕಡೆ ಹೊಸದಾಗಿ ಕಾಲುವೆಯ ನೀರು ಬಂತು. ಆ ವರ್ಷವೇ ಗಂಡನ ಮನೆಯಿಂದ ಬಂದು ತವರಲ್ಲಿದ್ದ ಚಿಗವ್ವ ಬಟ್ಟೆ ಒಗೆಯಲು ಹೋದಾಗ ಅವಳನ್ನು ಕಾಲುವೆಯ ದೆವ್ವ ಎಳೆದುಕೊಂಡಿತು. ದಂಡೆಯ ಮೇಲೆ ಸೀರೆ, ಒಡೆದ ಬಳೆ ಸಿಕ್ಕವು. ಹೆಣ ಸಿಗಲಿಲ್ಲ. ಹೆಣವಿಲ್ಲದೆಯೇ ಸತ್ತವರ ದಿನ ಮಾಡಿ ಊರಿಗೆ ಊಟ ಹಾಕಿದರು. ಅಂದಿನಿಂದ ಸಂಜೆಯಾದರೆ ಆ ದಂಡೆಗೆ ಯಾರೂ ಹೋಗುತ್ತಿರಲಿಲ್ಲ.

ನಾನೆಂಥ ಧೈರ್ಯವಂತೆ ಎಂದರೆ, ಹಾಸ್ಟೆಲ್ಲಿನಲ್ಲಿ ಆ ಜೆರಾಕ್ಸ್ ಓದಿ ಬಚ್ಚಲಿಗೆ ಹೋಗಲೂ ಗೆಳತಿಯನ್ನು ಎಬ್ಬಿಸುತ್ತಿದ್ದೆ. ಅಮೆರಿಕದ ದೆವ್ವಗಳಿಗೆ ಮನೆ ಬೇಕು. ಮೇಲೆ ಧೂಳು ಹಿಡಿದ ಅಟ್ಟ, ಕೆಳಗೆ ಕತ್ತಲೆಯ ನೆಲಮಾಳಿಗೆ, ಬೀಗ ಹಾಕಿದ ಒಂದು ಕೋಣೆ. ನಮ್ಮ ಮಣ್ಣಿನ ಮಾಳಿಗೆ ಮನೆಗಳಲ್ಲಿ ಜೋಳ ತುಂಬುವ ಹಗೇವು ಬಿಟ್ಟರೆ ದೆವ್ವಕ್ಕೆ ಕೂರಲು ಜಾಗವೇ ಇಲ್ಲವಲ್ಲ ಎಂದು ನನಗೆ ಸಣ್ಣ ಕೀಳರಿಮೆಯೂ ಇತ್ತು. ನಮಗೆ ಕಲಿಸುತ್ತಿದ್ದವರು ಮೈಸೂರು ಕಡೆಯ ಮೇಷ್ಟ್ರು. "ಅಲ್ಲಿನ ಮೂಲನಿವಾಸಿಗಳನ್ನು ಓಡಿಸಿ ಕಟ್ಟಿದ ನೆಲದಲ್ಲಿ ಮನೆಗಳು ಸುಮ್ಮನೆ ನಿದ್ದೆ ಮಾಡೋದಿಲ್ಲ ಕಣ್ರಮ್ಮ. ದೆವ್ವ ಇದೆಯೋ ಇಲ್ವೋ ಅಂತ ಕೇಳಬೇಡಿ. ಅದು ಯಾರಿಗೆ ಬೇಕಾಗಿತ್ತು ಅಂತ ಕೇಳಿ" ಎನ್ನುತ್ತಿದ್ದರು. ಪ್ರಬಂಧಕ್ಕೆ ನಿಮ್ಮೂರಿನದೇ ಒಂದು ಕಥೆಯನ್ನು ಹೋಲಿಸಿ ಬರೆಯಿರಿ ಎಂದೂ ಹೇಳಿದರು.

ರಜೆಯಲ್ಲಿ ಸಗರಕ್ಕೆ ಹೋದೆ. ಆಯಿ ಪಡಸಾಲೆಯಲ್ಲಿ ಕುಳಿತು ತೊಗರಿ ಹಸನು ಮಾಡುತ್ತಿದ್ದಳು. ದೊಡ್ಡ ಪಂಡಿತೆಯ ಹಾಗೆ ಎದುರು ಕುಳಿತು ಕೇಳಿದೆ, "ಆಯಿ, ಆ ದೆವ್ವ ಯಾರಿಗೆ ಬೇಕಾಗಿತ್ತು?"

ಆಯಿಯ ಕೈಯ ಮೊರ ನಿಂತಿತು. ನನ್ನ ಮುಖವನ್ನೇ ನೋಡಿದಳು. ಎದ್ದು ಹೋಗಿ ಬಾಗಿಲು ಮುಂದೆ ಮಾಡಿ ಬಂದಳು.

"ಯಾರು ಹೇಳ್ಯಾರ ನಿನಗ?"

"ಯಾರೂ ಹೇಳಿಲ್ಲ. ಓದೀನಿ."

"ಪುಸ್ತಕದಾಗ ಬಂದೈತೇನ?" ಆಯಿ ನಿಜಕ್ಕೂ ಬೆದರಿದ್ದಳು. ನಾನು ಬಾಯಿ ತೆರೆಯುವುದರೊಳಗೆ ಸಣ್ಣ ದನಿಯಲ್ಲಿ ಶುರು ಮಾಡಿದಳು. "ನನಗಽ ಬೇಕಾಗಿತ್ತವ್ವ. ಅಕಿ ಗಂಡ ಕೊಡ್ಲಿ ಹಿಡಕೊಂಡು ಈ ಬಾಗಲಿಗೆ ಬಂದಿದ್ದ. ಅಕೀನ್ನ ಕಡದಽ ಹೋಗ್ತೀನಂದ. ಪಂಚರು ಗಂಡನ ಮನಿಗೆ ಕಳಸ್ರಿ ಅಂದ್ರು. ನಾ ಕಾಲುವಿಗೆ ಕಳಿಸಿದೆ. ಸೀರಿ ನಾನಽ ಇಟ್ಟೆ, ಬಳಿ ನಾನಽ ಒಡದೆ. ರಾತ್ರಿ ದಂಡ್ಯಾಗ ನಿನ್ನ ಹೆಸರು ಹಿಡಿದು ಕರೀತಾಳಪ್ಪ ಅಂತ ಅಂವಗೂ ಹೇಳಿ ಕಳಿಸಿದೆ. ಆಮ್ಯಾಲ ಅಂವಾ ಈ ಊರ ದಾರಿ ತುಳಿಲಿಲ್ಲ."

"ಮತ್ತ ಚಿಗವ್ವ?"

"ಯಾದಗಿರ್ಯಾಗ ಅದಾಳ. ಹೆಣ್ಣುಡುಗರ ಹಾಸ್ಟೆಲದಾಗ ಅಡಗಿ ಮಾಡ್ತಾಳ. ನಿಮ್ಮವ್ವಗ ಗೊತ್ತೈತಿ."

ಅಷ್ಟೊಂದು ದೆವ್ವಗಳನ್ನು ಓದಿದಾಗಲೂ ನಾನು ಇಷ್ಟು ಹೆದರಿರಲಿಲ್ಲ. ಸತ್ತವರು ನಡೆದು ಬರುವುದನ್ನು ಓದಿದ್ದೆ. ನಾನು ಅತ್ತು ಮರೆತಿದ್ದ ಚಿಗವ್ವ ಅಷ್ಟು ವರ್ಷ ಬಸ್ಸು ಹತ್ತಿದರೆ ಸಿಗುವಷ್ಟು ಹತ್ತಿರದಲ್ಲಿ ಅನ್ನಕ್ಕೆ ಎಸರಿಡುತ್ತಿದ್ದಳು!

ಮರುದಿನವೇ ಯಾದಗಿರಿಗೆ ಹೋದೆ. ಹಾಸ್ಟೆಲ್ಲಿನ ಅಡುಗೆಮನೆಯ ಹೊಗೆಯಲ್ಲಿ ಒಬ್ಬ ಹೆಂಗಸು ರೊಟ್ಟಿ ಬಡಿಯುತ್ತಿದ್ದಳು. ತಿರುಗಿದಾಗ ಥೇಟ್ ನಮ್ಮವ್ವನ ಮುಖ. ಅವಳೇ ಗುರುತು ಹಿಡಿದು, ಹಿಟ್ಟಿನ ಕೈಯಲ್ಲೇ ನನ್ನ ಗಲ್ಲ ಹಿಡಿದಳು. "ಅಕ್ಕನ ಮಗಳಲ್ಲ? ಹೆದರಬ್ಯಾಡ. ಹೆದರಿದ್ರ ಸಗರದವರು ಹೆದರಬೇಕು. ಒಬ್ಬಾಂವ ಸ್ಟೇಷನ್ನಿನಾಗ ನನ್ನ ನೋಡಿ ಗಂಟು ಒಗದು ಓಡಿಹೋದ."

"ದೆವ್ವ ಅನ್ನಿಸ್ಕೊಂಡು ಇರಾಕ ಬ್ಯಾಸರ ಆಗಲಿಲ್ಲೇನು ಚಿಗವ್ವ?"

"ದೆವ್ವದ ಬೆನ್ನ ಹತ್ತಿ ಯಾರೂ ಬರಂಗಿಲ್ಲ ತಂಗಿ" ಎಂದು ರೊಟ್ಟಿ ತಿರುವಿ ಹಾಕಿದಳು. ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿ, ನಾನು ತಿನ್ನುವುದನ್ನು ನೋಡುತ್ತ ಕುಳಿತಳು. ಅವ್ವನ ಮಂಡಿನೋವಿನಿಂದ ಹಿಡಿದು ಎಲ್ಲ ವಿಚಾರಿಸಿದಳು. ಊರಿನ ಹೆಸರು ಬಂದಾಗ ಮಾತ್ರ ಎದ್ದು ಒಲೆಯ ಕಡೆ ಹೋದಳು.

ಆ ಪ್ರಬಂಧದಲ್ಲಿ ನಮ್ಮೂರಿನ ಕಥೆ ಬರೆಯಲಿಲ್ಲ. ಬರೆದರೆ ಅವಳ ಜೀವಕ್ಕೆ ಕುತ್ತು. ಹೋಲಿಕೆಯೇ ಇಲ್ಲವೆಂದು ಮೇಷ್ಟ್ರು ಬೇಸರಪಟ್ಟುಕೊಂಡರು. ಆಯಿ ತೀರಿಕೊಂಡಾಗಲೂ ಚಿಗವ್ವನಿಗೆ ಮಣ್ಣು ಕೊಡಲು ಬರಲಾಗಲಿಲ್ಲ. ಶಹಾಪುರದ ಕಾಲೇಜಿನಲ್ಲಿ ಪಾಠ ಹೇಳುತ್ತ ನನಗೂ ತಲೆ ನರೆತಿದೆ.

ಹಾಳೆಯ ಕಟ್ಟು ಸಿಕ್ಕ ಮರುದಿನ ಚಿಗವ್ವನ ಫೋನು ಬಂತು. "ಅಂವಾ ಸತ್ತನಂತ, ಕೊಡ್ಲಿ ಹಿಡಕೊಂಡು ಬಂದಾಂವ. ಊರಿಗೆ ಹೋಗೂಣೇನು?"

ನಿನ್ನೆ ಮಧ್ಯಾಹ್ನ ಇಬ್ಬರೂ ಸಗರದಲ್ಲಿ ಬಸ್ಸಿಳಿದೆವು. ಆಯಿಯ ಮನೆಯ ಪಕ್ಕದ ಹಣಮವ್ವ, ಚಿಗವ್ವನ ಬಾಲ್ಯದ ಗೆಳತಿ, ಕಟ್ಟೆಯ ಮೇಲೆ ಕುಳಿತಿದ್ದಳು. ಚಿಗವ್ವ ಎದುರಿಗೆ ಹೋಗಿ ನಿಂತಳು. ಹಣಮವ್ವ ಒಮ್ಮೆ ತಲೆಯೆತ್ತಿದವಳು ಬಿಳಿಚಿಕೊಂಡಳು. ಮತ್ತೆ ಮುಖ ನೋಡಲಿಲ್ಲ, ಕಾಲು ನೋಡಿದಳು. ದೆವ್ವದ ಪಾದ ಹಿಂದುಮುಂದಾಗಿರುತ್ತವಲ್ಲ. ಚಿಗವ್ವ ಚಪ್ಪಲಿ ಕಳಚಿ, ನೆರಿಗೆ ಎತ್ತಿ ಹಿಡಿದಳು.

"ನೋಡವ್ವ ಹಣಮಿ, ಮುಂದಽ ಅದಾವ. ನಡಕೋತ ಬಂದೀನಿ."

ಹಣಮವ್ವ ಆ ಪಾದ ಮುಟ್ಟಿ ನೋಡಿದಳು. ಆಮೇಲೆ ಅಲ್ಲೇ ಕುಸಿದು, "ಅಯ್ಯೋ ನಿಂಗಿ, ನಿನ್ನ ದಿನದ ಊಟ ನಾ ಉಂಡೀನಲ್ಲೇ!" ಎಂದು ದೊಡ್ಡ ದನಿ ತೆಗೆದು ಅಳತೊಡಗಿದಳು. ಮನೆಮನೆಯ ಬಾಗಿಲಿಗೆ ಜನ ಬಂದರು. ಯಾರೂ ಹತ್ತಿರ ಬರಲಿಲ್ಲ.

ಚಿಗವ್ವ ಗೆಳತಿಯ ಪಕ್ಕದಲ್ಲಿ ಕುಳಿತು, ಸೆರಗಿನಿಂದ ಅವಳ ಕಣ್ಣು ಒರೆಸಿದಳು.

"ಏನೇನು ಅಡಗಿ ಮಾಡಿದ್ಲು ನಮ್ಮವ್ವ ಆವತ್ತಿನ ಊಟಕ್ಕ? ನನಗ ಯಾರೂ ಹೇಳೇ ಇಲ್ಲ. ಹೇಳು."